ಓವರ್‌ಕ್ಲಾಕ್ ಮಾಡುವ ಮುಂಚೆ ಸಿದ್ದಾಪುರದ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ

ಕಳೆದ ಬೇಸಿಗೆಯ ಮದುವೆ ಸೀಜನ್ನಿನಲ್ಲಿ ಸಿದ್ದಾಪುರದ ಗೆಳೆಯನೊಬ್ಬನ ಸ್ಟುಡಿಯೋಗೆ ಹೋಗಿದ್ದೆವು. ಸ್ಟುಡಿಯೋ ಅಂದರೆ ದೊಡ್ಡದೇನಲ್ಲ. ಮನೆಯ ಮುಂದಿನ ಕೋಣೆ, ಮೇಲೆ ಶೀಟು, ಒಂದು ಟೇಬಲ್ಲು, ಅದರ ಮೇಲೆ ಕಂಪ್ಯೂಟರ್. ಮದುವೆ, ಜಾತ್ರೆ, ಗೃಹಪ್ರವೇಶದ ವಿಡಿಯೋ ಎಡಿಟ್ ಮಾಡಿ ಕೊಡುವುದು ಅವನ ಕಸುಬು. ನಾವು ಹೋದಾಗ ಕಂಪ್ಯೂಟರಿನ ಡಬ್ಬದ ಪಕ್ಕದ ಬಾಗಿಲು ಬಿಚ್ಚಿಟ್ಟಿದ್ದ. ಅದಕ್ಕೆ ಎದುರಾಗಿ ಟೇಬಲ್ ಫ್ಯಾನ್ ತಿರುಗುತ್ತಿತ್ತು. ಅವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

"ಏನಪ್ಪಾ, ಗಾಳಿ ನಿನಗೋ ಅದಕ್ಕೋ?" ಅಂತ ಕೇಳಿದೆವು.

"ಅದಕ್ಕೇ ಕಣಣ್ಣಾ. ಅದು ನಿಂತ್ರೆ ನನ್ನ ಹೊಟ್ಟೆಪಾಡೂ ನಿಂತಂಗೆ" ಅಂದ.

ಅವನು ಯೂಟ್ಯೂಬ್ ನೋಡಿಕೊಂಡು ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಿದ್ದ. ವಾರದೊಳಗೆ ಎರಡು ದಿನದ ಮದುವೆಯ ವಿಡಿಯೋ ಎಕ್ಸ್‌ಪೋರ್ಟ್ ಆಗುವಾಗಲೇ ಕಂಪ್ಯೂಟರ್ ನಿಂತುಹೋಯಿತು. ಮತ್ತೆ ಆನ್ ಮಾಡಿದಾಗ ಧಾರೆಯ ಹೊತ್ತಿನ ಕೆಲವು ಫೈಲುಗಳು ತೆರೆಯಲೇ ಇಲ್ಲ. ಕ್ಯಾಮೆರಾದ ಮೆಮೊರಿ ಕಾರ್ಡನ್ನು ಆಗಲೇ ಅಳಿಸಿ ಇನ್ನೊಂದು ಮದುವೆಗೆ ಬಳಸಿಯಾಗಿತ್ತು. ಹೆಣ್ಣಿನ ಕಡೆಯವರು ಬೈಯಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು. ಅಡ್ವಾನ್ಸ್ ವಾಪಸ್ ಕೊಟ್ಟ. ಆ ಕಂಪ್ಯೂಟರಿಗೆ ಅವನ ತಾಯಿ ಮಹಿಳಾ ಸಂಘದಲ್ಲಿ ಎತ್ತಿದ ಸಾಲದ ಕಂತು ಇನ್ನೂ ಮುಗಿದಿರಲಿಲ್ಲ.

ಈ ಲೇಖನ ಅವನನ್ನು ಹಂಗಿಸಲು ಅಲ್ಲ. ಅವನು ಕೇಳಿಯೇ ಬರೆಸಿದ್ದು. "ಬೇರೆ ಹುಡುಗ್ರು ನನ್ನಂಗೆ ಆಗ್ಬಾರ್ದು, ಬರೀರಣ್ಣಾ" ಅಂದ. ಊರೂರಲ್ಲಿ ಈಗ ಇಂಥ ಕಂಪ್ಯೂಟರ್‌ಗಳಿವೆ. ವಿಡಿಯೋ ಎಡಿಟಿಂಗ್, ಫ್ಲೆಕ್ಸ್ ಡಿಸೈನ್, ಜನಪದ ಹಾಡಿನ ರೆಕಾರ್ಡಿಂಗ್, ಗೇಮ್. ಎಲ್ಲರ ಫೋನಿಗೂ "ಪುಕ್ಕಟೆ ಸ್ಪೀಡ್" ಅನ್ನುವ ವಿಡಿಯೋ ಬರುತ್ತದೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಆ ಸ್ಪೀಡ್ ಪುಕ್ಕಟೆ ಅಲ್ಲ. ಅದರಲ್ಲೂ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಅದರ ಬೆಲೆ ಬೆಂಗಳೂರಿಗಿಂತ ಜಾಸ್ತಿ. ದುಡಿಯುವ ಕಂಪ್ಯೂಟರನ್ನು ಇಲ್ಲಿ ಓವರ್‌ಕ್ಲಾಕ್ ಮಾಡಬಾರದು.

ಓವರ್‌ಕ್ಲಾಕ್ ಅಂದರೇನು?

ನಾವು ಹಳ್ಳಿಯಲ್ಲಿ ಇಡೀ ಡಬ್ಬವನ್ನೇ ಸಿಪಿಯು ಅನ್ನುತ್ತೇವೆ. ನಿಜವಾದ ಸಿಪಿಯು, ಅಂದರೆ ಪ್ರೊಸೆಸರ್, ಅದರೊಳಗೆ ಬೆಂಕಿಪೊಟ್ಟಣದಷ್ಟು ಅಗಲದ ಒಂದು ಚಿಪ್ಪು. ಅದು ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂಬುದೇ ಕ್ಲಾಕ್ ಸ್ಪೀಡ್. 3.7 ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ 370 ಕೋಟಿ ಮಿಡಿತ. ಕಂಪನಿ ನಿಗದಿ ಮಾಡಿದ ಈ ವೇಗವನ್ನು ಬಯೋಸ್ ಎಂಬ ಸೆಟ್ಟಿಂಗ್‌ಗೆ ಹೋಗಿ ನಾವೇ ಏರಿಸುವುದು ಓವರ್‌ಕ್ಲಾಕ್. ವೇಗ ಏರಿಸಿದಾಗ ಚಿಪ್ಪು ತಡೆದುಕೊಳ್ಳದೆ ಹ್ಯಾಂಗ್ ಆಗುತ್ತದೆ. ಆಗ ಅದಕ್ಕೆ ಕೊಡುವ ವೋಲ್ಟೇಜನ್ನೂ ಏರಿಸುತ್ತಾರೆ. ಕಷ್ಟ ಶುರುವಾಗುವುದು ಇಲ್ಲಿಂದ.

ಎಲ್ಲ ಪ್ರೊಸೆಸರ್‌ಗೂ ಇದು ಆಗುವುದಿಲ್ಲ. ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಹೆಸರಿನ ಕೊನೆಗೆ 'ಕೆ' ಅಕ್ಷರ ಇರುವಂಥವು ಬೇಕು, ಜೊತೆಗೆ 'ಝಡ್' ಸರಣಿಯ ದುಬಾರಿ ಮದರ್‌ಬೋರ್ಡ್ ಬೇಕು. ಎಎಮ್‌ಡಿಯ ರೈಜನ್‌ಗಳಲ್ಲಿ ಹೆಚ್ಚಿನವಕ್ಕೆ ಬೀಗ ಇಲ್ಲ, ಆದರೆ 'ಎ' ಸರಣಿಯ ಅಗ್ಗದ ಬೋರ್ಡ್ ಇದ್ದರೆ ಆಗದು. ಹಾಗಾಗಿ ಅಂಗಡಿಯವನು "ಮುಂದೆ ಓವರ್‌ಕ್ಲಾಕ್ ಮಾಡ್ಕೋಬಹುದು" ಅಂತ ಹೇಳಿ ದುಬಾರಿ ಚಿಪ್ಪು, ದುಬಾರಿ ಬೋರ್ಡು ಮಾರಿದ ದಿನವೇ ಮೊದಲ ಖರ್ಚು ಆಗಿಹೋಗಿರುತ್ತದೆ.

ವೇಗ ಸ್ವಲ್ಪ, ಬಿಸಿ ಬಹಳ

ಚಿಪ್ಪು ತಿನ್ನುವ ಕರೆಂಟಿಗೆ ಒಂದು ಸರಳ ಲೆಕ್ಕ ಇದೆ. ವೇಗ ಎಷ್ಟು ಪಟ್ಟು ಏರಿತೋ ಅಷ್ಟು ಪಟ್ಟು ಕರೆಂಟು ಏರುತ್ತದೆ. ವೋಲ್ಟೇಜ್ ಏರಿಸಿದರೆ ಅದರ ವರ್ಗದಷ್ಟು ಏರುತ್ತದೆ. ತಿಂದ ಕರೆಂಟೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು.

ಉದಾಹರಣೆಗೆ 65 ವ್ಯಾಟ್ ತಿನ್ನುವ ಪ್ರೊಸೆಸರ್ ಒಂದನ್ನು ತೆಗೆದುಕೊಳ್ಳಿ. 3.7ರಿಂದ 4.3 ಗಿಗಾಹರ್ಟ್ಸ್‌ಗೆ ಏರಿಸಿದಿರಿ, ವೋಲ್ಟೇಜನ್ನು 1.2ರಿಂದ 1.35ಕ್ಕೆ ಏರಿಸಿದಿರಿ. ವೇಗ ಏರಿದ್ದು ಶೇ 16. ಬಿಸಿ ಏರಿದ್ದು ಶೇ 47! 65 ವ್ಯಾಟ್ ಇದ್ದದ್ದು ಸುಮಾರು 95 ವ್ಯಾಟ್ ಆಯಿತು. ಪೂರ್ತಿ ಪ್ರೊಸೆಸರನ್ನೇ ನಂಬಿದ ಒಂದು ಗಂಟೆಯ ಕೆಲಸ ಇದ್ದರೆ ಅದು ಹೆಚ್ಚೆಂದರೆ 52 ನಿಮಿಷಕ್ಕೆ ಮುಗಿಯುತ್ತದೆ. ಎಂಟು ನಿಮಿಷದ ಉಳಿತಾಯ. ಅಷ್ಟರಲ್ಲಿ ಒಂದು ಟೀ ಕುಡಿಯಬಹುದು.

ಬೋರ್‌ವೆಲ್ ಮೋಟಾರ್ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೋಟಾರಿನ ತಾಕತ್ತು ಮೀರಿ ಎಳೆಸಿದರೆ ನೀರು ಸ್ವಲ್ಪ ಜಾಸ್ತಿ ಬಂದಂತೆ ಕಾಣುತ್ತದೆ, ಒಳಗೆ ವೈಂಡಿಂಗ್ ಕಾಯುತ್ತಿರುತ್ತದೆ. ಸುಟ್ಟ ವಾಸನೆ ಬಂದ ಮೇಲೆ ರಿವೈಂಡಿಂಗ್ ಅಂಗಡಿಗೆ ಹೊರಬೇಕು. ಮೋಟಾರಿಗಾದರೆ ರಿವೈಂಡಿಂಗ್ ಉಂಟು. ಸುಟ್ಟ ಪ್ರೊಸೆಸರಿಗೆ ಅದೂ ಇಲ್ಲ.

ವಿಡಿಯೋ ಮಾಡಿದವನ ಕೋಣೆ, ನಮ್ಮ ಕೋಣೆ

ನಮ್ಮ ಗೆಳೆಯ ನೋಡಿದ ವಿಡಿಯೋವನ್ನು ನಾವೂ ನೋಡಿದೆವು. ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ವಿಡಿಯೋ ಮಾಡಿದವನ ಹಿಂದೆ ಗೋಡೆಯ ಮೇಲೆ ಎಸಿ ಇತ್ತು. ಅವನ ಕೋಣೆ ಎಷ್ಟು ತಣ್ಣಗಿತ್ತು ಎಂದು ಅವನು ಹೇಳಲಿಲ್ಲ, ನಮ್ಮ ಗೆಳೆಯ ಕೇಳಿಕೊಳ್ಳಲೂ ಇಲ್ಲ.

ಇಲ್ಲಿ ಒಂದು ವಿಷಯ ನೆನಪಿಡಿ. ಫ್ಯಾನು ಚಿಪ್ಪನ್ನು ತಂಪು ಮಾಡುವುದಿಲ್ಲ. ಚಿಪ್ಪಿನ ಬಿಸಿಯನ್ನು ಕೋಣೆಯ ಗಾಳಿಗೆ ದಾಟಿಸುತ್ತದೆ, ಅಷ್ಟೇ. ಚಿಪ್ಪು ಯಾವತ್ತೂ ಕೋಣೆಗಿಂತ ಇಂತಿಷ್ಟು ಡಿಗ್ರಿ ಮೇಲೆಯೇ ಇರುತ್ತದೆ.

ಪ್ರೊಸೆಸರಿನ ಜೊತೆ ಬರುವ ಸಾದಾ ಕೂಲರ್‌ನಲ್ಲಿ, 65 ವ್ಯಾಟ್ ಹೊತ್ತಿನಲ್ಲಿ ಚಿಪ್ಪು ಕೋಣೆಗಿಂತ 45 ಡಿಗ್ರಿ ಮೇಲಿದೆ ಎಂದುಕೊಳ್ಳೋಣ. ಓವರ್‌ಕ್ಲಾಕ್ ಮಾಡಿದರೆ ಅದೇ ಕೂಲರ್‌ನಲ್ಲಿ ಸುಮಾರು 66 ಡಿಗ್ರಿ ಮೇಲಿರುತ್ತದೆ. ಈಗ ಕೂಡಿಸಿ.

ಎಸಿ ಕೋಣೆ 22 ಡಿಗ್ರಿ ಇದ್ದರೆ: ಮೊದಲು 67, ಓವರ್‌ಕ್ಲಾಕ್ ಆದ ಮೇಲೆ 88. ಬಿಸಿಯೇ, ಆದರೆ ನಡೆಯುತ್ತದೆ.

ಏಪ್ರಿಲ್ ಮಧ್ಯಾಹ್ನ ನಮ್ಮ ಶೀಟಿನ ಮನೆ 38 ಡಿಗ್ರಿ ಇದ್ದರೆ: ಮೊದಲು 83, ಓವರ್‌ಕ್ಲಾಕ್ ಆದ ಮೇಲೆ 104.

ಇಂಟೆಲ್‌ನ ಬಹುತೇಕ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಮಿತಿ ಸುಮಾರು 100 ಡಿಗ್ರಿ. ರೈಜನ್‌ಗಳದ್ದು 90ರಿಂದ 95ರ ಆಸುಪಾಸು. ಮಿತಿ ಮುಟ್ಟಿದ ತಕ್ಷಣ ಚಿಪ್ಪು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಹಾಗೂ ಆಗದಿದ್ದರೆ ಕಂಪ್ಯೂಟರ್ ಆಫ್ ಆಗುತ್ತದೆ. ಅಂದರೆ ನೀವು ಏರಿಸಿದ ವೇಗದಲ್ಲಿ ಒಂದು ಪಾಲನ್ನು ಬಿಸಿಲೇ ಕಿತ್ತುಕೊಂಡಿತು. ಬಿಸಿ, ಕರೆಂಟು, ಸವಕಳಿ ಮಾತ್ರ ನಿಮ್ಮ ಪಾಲಿಗೆ ಉಳಿಯಿತು.

ಮಧ್ಯಾಹ್ನದ ಹೊತ್ತು ನಮ್ಮ ಕುರಿಗಾಹಿಗಳು ಮಂದೆಯನ್ನು ಮರದ ನೆರಳಿಗೆ ಹೊಡೆಯುತ್ತಾರೆ. ಉರಿಬಿಸಿಲಲ್ಲಿ ಓಡಿಸುವುದಿಲ್ಲ. ನಾವು ಮಾತ್ರ ಅದೇ ಹೊತ್ತಿಗೆ ಕಂಪ್ಯೂಟರನ್ನು ಓಡಿಸಲು ಹೋಗುತ್ತೇವೆ.

ಧೂಳು

ಗೆಳೆಯನ ಡಬ್ಬ ಬಿಚ್ಚಿದಾಗ ಕೂಲರಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಧೂಳು ಮೆತ್ತಿಕೊಂಡು ಕಂಬಳಿ ತುಂಡಿನ ಹಾಗೆ ಕೂತಿತ್ತು. ನಮ್ಮದು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲೊಂದು. ವರ್ಷದ ಬಹುಪಾಲು ಗಾಳಿಯಲ್ಲಿ ಧೂಳು ಇದ್ದೇ ಇರುತ್ತದೆ. ಶೇಂಗಾ ಬಿಡಿಸುವ ಕಾಲಕ್ಕೆ ಹೊಟ್ಟೂ ಸೇರುತ್ತದೆ. ಮಗ್ಗ ಇರುವ ಮನೆಯಲ್ಲಿ ನೂಲಿನ ಎಳೆ, ಕುರಿ ಇರುವ ಮನೆಯಲ್ಲಿ ಉಣ್ಣೆ. ರೆಕ್ಕೆಗಳ ನಡುವೆ ಗಾಳಿಯೇ ಹೋಗದಿದ್ದರೆ ಎಷ್ಟು ದೊಡ್ಡ ಫ್ಯಾನ್ ಇದ್ದೇನು?

ಪಕ್ಕದ ಬಾಗಿಲು ಬಿಚ್ಚಿ ಟೇಬಲ್ ಫ್ಯಾನ್ ಇಡುವುದು ಆ ಕ್ಷಣಕ್ಕೆ ನಾಲ್ಕು ಡಿಗ್ರಿ ಇಳಿಸಬಹುದು. ಆದರೆ ಅದೇ ಫ್ಯಾನು ಬೀದಿಯ ಧೂಳನ್ನೆಲ್ಲ ಒಳಗೆ ತುಂಬುತ್ತದೆ. ಜೊತೆಗೆ ಚಿಪ್ಪು ಮತ್ತು ಕೂಲರಿನ ನಡುವೆ ಹಚ್ಚಿರುವ ಪೇಸ್ಟು ಬಿಸಿಗೆ ಒಣಗುತ್ತಾ ಬರುತ್ತದೆ. ಒಣಗಿದರೆ ಬಿಸಿ ಸರಿಯಾಗಿ ದಾಟುವುದಿಲ್ಲ. ಬಿಸಿ ಜಾಸ್ತಿ ಇದ್ದಷ್ಟೂ ಅದನ್ನು ಬೇಗ ಬದಲಿಸಬೇಕು.

ಖರ್ಚಿನ ಲೆಕ್ಕ

ಪ್ರೊಸೆಸರ್ ಜಾಸ್ತಿ ತಿನ್ನುವ 30 ವ್ಯಾಟ್, ಪವರ್ ಸಪ್ಲೈಯಲ್ಲಿ ಸೋರುವುದೂ ಸೇರಿ ಗೋಡೆಯ ಸಾಕೆಟ್‌ನಲ್ಲಿ 36 ವ್ಯಾಟ್ ಆಗಬಹುದು. ದಿನಕ್ಕೆ ಹತ್ತು ಗಂಟೆ ಓಡಿಸಿದರೆ ತಿಂಗಳಿಗೆ 11 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 77 ರೂಪಾಯಿ. ಇದು ದೊಡ್ಡದಲ್ಲ, ಒಪ್ಪುತ್ತೇವೆ. ಓವರ್‌ಕ್ಲಾಕ್ ಪರ ಮಾತಾಡುವವರು ಇಲ್ಲಿಗೆ ಲೆಕ್ಕ ನಿಲ್ಲಿಸುತ್ತಾರೆ.

ಆದರೆ ಚಿಪ್ಪಿನ ಬಿಸಿ ತಡೆಯಲು ಕೋಣೆ ತಂಪಾಗಬೇಕಲ್ಲ? 150 ವ್ಯಾಟಿನ ಏರ್ ಕೂಲರ್ ಅದೇ ಹತ್ತು ಗಂಟೆ ಓಡಿದರೆ ತಿಂಗಳಿಗೆ 45 ಯೂನಿಟ್. ಅದಕ್ಕೆ ನೀರೂ ಬೇಕು, ನಮ್ಮೂರಲ್ಲಿ ಬೇಸಿಗೆಯ ಒಂದು ಕೊಡ ನೀರಿನ ಬೆಲೆ ಹೆಂಗಸರನ್ನು ಕೇಳಿ. ಒಂದು ಟನ್ನಿನ ಎಸಿ ಹಾಕಿಸಿದರೆ ಗಂಟೆಗೆ ಸುಮಾರು ಒಂದು ಯೂನಿಟ್, ತಿಂಗಳಿಗೆ 300.

2023ರಿಂದ ಮನೆಗಳಿಗೆ ಗೃಹಜ್ಯೋತಿ ಬಂದಿದೆ. ಮನೆಯಲ್ಲೇ ಸ್ಟುಡಿಯೋ ಇಟ್ಟವರು "ನಮಗೇನು, ಕರೆಂಟ್ ಫ್ರೀ" ಅನ್ನುವುದನ್ನು ಕೇಳಿದ್ದೇವೆ. ಆದರೆ ಆ ತಿಂಗಳು 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಎಂಟು ನಿಮಿಷದ ವೇಗಕ್ಕಾಗಿ ಮನೆಮಂದಿಯ ಸೌಲಭ್ಯವನ್ನೇ ಕಳೆಯುವ ದಾರಿ ಇದು. ಅಂಗಡಿಯ ಮೀಟರಿಗಂತೂ ಆ ಸೌಲಭ್ಯವೇ ಇಲ್ಲ.

ಇನ್ನು ಸಾಮಾನು. ಸಾದಾ ಕೂಲರ್ ಸಾಲದು, ದೊಡ್ಡ ಏರ್ ಕೂಲರ್ ಬೇಕು. ಅದಕ್ಕೆ ಸುಮಾರು ಎರಡರಿಂದ ನಾಲ್ಕು ಸಾವಿರ. ನೀರು ತಿರುಗಿಸುವ ಲಿಕ್ವಿಡ್ ಕೂಲರ್ ಆದರೆ ಸಾಮಾನ್ಯವಾಗಿ ಇನ್ನೂ ಜಾಸ್ತಿ. ಅದರಲ್ಲಿ ಸಣ್ಣ ಪಂಪು ಇರುತ್ತದೆ, ಪಂಪು ಕೆಟ್ಟರೆ ಚಳ್ಳಕೆರೆಯಲ್ಲಿ ರಿಪೇರಿ ಮಾಡುವವರನ್ನು ಹುಡುಕಬೇಕು, ಇಲ್ಲವೇ ಬೆಂಗಳೂರಿನ ಎಸ್.ಪಿ. ರೋಡಿಗೆ ಬಸ್ಸು ಹತ್ತಬೇಕು. ಲಿಕ್ವಿಡ್ ಕೂಲರ್ ಕೂಡ ಬಿಸಿಯನ್ನು ಬಿಡುವುದು ಅದೇ ಕೋಣೆಯ ಗಾಳಿಗೇ. 38 ಡಿಗ್ರಿಯ ಕೋಣೆಯಲ್ಲಿ ಅದು 38ಕ್ಕಿಂತ ಕೆಳಗೆ ಇಳಿಸಲಾರದು.

ಯುಪಿಎಸ್ ಇನ್ನೊಂದು. ಲೋಡ್ ಹೆಚ್ಚಾದಷ್ಟೂ ಬ್ಯಾಟರಿ ಬೇಗ ಕೈಕೊಡುತ್ತದೆ. ಕರೆಂಟ್ ಹೋದಾಗ ಫೈಲ್ ಸೇವ್ ಮಾಡಲು ಸಿಗುತ್ತಿದ್ದ ಕೆಲವು ನಿಮಿಷವೂ ಕಡಿಮೆಯಾಗುತ್ತದೆ. ಹಳ್ಳಿಯಲ್ಲಿ ಕರೆಂಟ್ ಹೋಗುವುದು ಎಷ್ಟು ಸಲ ಎಂದು ನಾವು ಬರೆಯಬೇಕಿಲ್ಲ.

ಕೊನೆಗೆ ವಾರಂಟಿ. ಓವರ್‌ಕ್ಲಾಕ್‌ನಿಂದ ಆದ ಹಾನಿಗೆ ಎಎಮ್‌ಡಿ ತನ್ನ ವಾರಂಟಿ ಹೊಂದುವುದಿಲ್ಲ ಎಂದು ಬರೆದೇ ಇಟ್ಟಿದೆ. ಮಿತಿ ಮೀರಿ ಓಡಿಸಿದರೆ ವಾರಂಟಿಗೆ ಧಕ್ಕೆ ಎಂದು ಇಂಟೆಲ್ ಕೂಡ ಎಚ್ಚರಿಸುತ್ತದೆ. ಇದು ವಿಡಿಯೋದಲ್ಲಿ ಸಣ್ಣ ಅಕ್ಷರದಲ್ಲೂ ಬರುವುದಿಲ್ಲ.

ಕಾಣದ ತಪ್ಪು

ಇದಕ್ಕಿಂತ ದೊಡ್ಡ ನಷ್ಟ ಫೈಲುಗಳದ್ದು. ಚಿಪ್ಪು ಸ್ಥಿರವಾಗಿಲ್ಲದಿದ್ದರೆ ಯಾವಾಗಲೂ ಹ್ಯಾಂಗ್ ಆಗಿಯೇ ತೋರಿಸಬೇಕೆಂದಿಲ್ಲ. ಕೆಲವೊಮ್ಮೆ ಲೆಕ್ಕ ತಪ್ಪಿ, ತಪ್ಪಾದದ್ದನ್ನೇ ಹಾರ್ಡ್‌ಡಿಸ್ಕ್‌ಗೆ ಬರೆದುಬಿಡುತ್ತದೆ. ವಾರ ಕಳೆದು ಫೈಲ್ ತೆರೆದಾಗ ಗೊತ್ತಾಗುತ್ತದೆ. ಗೇಮ್ ಆಡುವವನಿಗೆ ಆಟ ಹೋದರೆ ಮತ್ತೆ ಆಡಬಹುದು. ಮದುವೆ ಮತ್ತೆ ಆಗುವುದಿಲ್ಲ. ತೀರಿಹೋದ ಅಜ್ಜಿ ಅಕ್ಷತೆ ಹಾಕಿದ ದೃಶ್ಯ ಮತ್ತೆ ಸಿಗುವುದಿಲ್ಲ.

ನಮ್ಮ ಸಿದ್ದಾಪುರದ ಹೆಸರು ಇತಿಹಾಸದ ಪುಸ್ತಕದಲ್ಲಿ ಇರುವುದು ಅಶೋಕನ ಶಿಲಾಶಾಸನದಿಂದ. 1892ರಲ್ಲಿ ಬಿ.ಎಲ್. ರೈಸ್ ಇಲ್ಲಿಯ, ಬ್ರಹ್ಮಗಿರಿಯ ಮತ್ತು ಜಟಿಂಗ ರಾಮೇಶ್ವರದ ಶಾಸನಗಳನ್ನು ಬೆಳಕಿಗೆ ತಂದರು. ಬಂಡೆಯ ಮೇಲಿನ ಅಕ್ಷರ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಇದೇ ಬಿಸಿಲು ತಡೆದಿದೆ. ಕಂಪ್ಯೂಟರಿನ ಫೈಲಿಗೆ ಆ ಗಟ್ಟಿತನ ಇಲ್ಲ. ಹಾಗಾಗಿ ಇನ್ನೊಂದು ಪ್ರತಿ ಬೇರೆ ಡಿಸ್ಕ್‌ಗೆ ಹೋಗುವ ತನಕ ಮೆಮೊರಿ ಕಾರ್ಡ್ ಅಳಿಸಬೇಡಿ.

ಕಂಪನಿಗಳೇ ಕಲಿತ ಪಾಠ

ಚಿಪ್ಪು ಮಾಡುವವರಿಗೇ ಈ ಬಿಸಿ ದಾಟಲಾಗಿಲ್ಲ. ಇಂಟೆಲ್ 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ತರುತ್ತೇನೆಂದು ಹೇಳಿ, 2004ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಆಮೇಲೆ ಒಂದೇ ಎತ್ತನ್ನು ಜೋರಾಗಿ ಓಡಿಸುವುದನ್ನು ಬಿಟ್ಟು, ಎರಡು ನಾಲ್ಕು ಎತ್ತು ಕಟ್ಟುವ ದಾರಿ ಹಿಡಿದರು. ಡ್ಯುಯಲ್ ಕೋರ್, ಕ್ವಾಡ್ ಕೋರ್ ಬಂದದ್ದು ಹೀಗೆ.

2024ರಲ್ಲಿ ಇನ್ನೊಂದು ಪಾಠ ಆಯಿತು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಪದೇ ಪದೇ ಕೈಕೊಡುತ್ತಿದ್ದವು. ಚಿಪ್ಪಿಗೆ ಮಿತಿಗಿಂತ ಹೆಚ್ಚು ವೋಲ್ಟೇಜ್ ಹೋಗುತ್ತಿದ್ದದ್ದೇ ಕಾರಣ ಎಂದು ಕಂಪನಿ ಹೇಳಿತು. ಆಗಸ್ಟ್‌ನಲ್ಲಿ ಬಯೋಸ್ ಮೂಲಕ ಸರಿಪಡಿಸುವ ಅಪ್‌ಡೇಟ್ ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆದರೆ ಆಗಲೇ ಹಾಳಾದ ಚಿಪ್ಪನ್ನು ಅಪ್‌ಡೇಟ್ ಉಳಿಸಲಿಲ್ಲ. ಚಿಪ್ಪು ಮಾಡಿದವರ ಕೈಯಲ್ಲೇ ವೋಲ್ಟೇಜ್ ಹೀಗೆ ತಪ್ಪಿದರೆ, ನಾವು ಅಂದಾಜಿನ ಮೇಲೆ ಏರಿಸುವುದು ಎಷ್ಟು ಸರಿ?

ದಾಖಲೆ ಮಾಡುವವರ ಕಥೆಯೇ ಬೇರೆ. 2011ರಲ್ಲಿ ಎಎಮ್‌ಡಿಯ ಪ್ರೊಸೆಸರ್ ಒಂದನ್ನು 8.429 ಗಿಗಾಹರ್ಟ್ಸ್‌ಗೆ ಏರಿಸಿ ಗಿನ್ನೆಸ್ ದಾಖಲೆ ಮಾಡಿದರು. ತಂಪಿಗೆ ಬಳಸಿದ್ದು ದ್ರವ ಹೀಲಿಯಂ. ಅದು ಕೆಲವೇ ಹೊತ್ತಿನ ಸಾಹಸ, ದಿನಾ ಹತ್ತು ಗಂಟೆಯ ದುಡಿಮೆ ಅಲ್ಲ.

ಹಾಗಾದರೆ ಕಲಿಯಲೇಬಾರದೇ?

ಈ ಪ್ರಶ್ನೆಯನ್ನು ನಮ್ಮ ಗುಂಪಿನಲ್ಲೇ ಒಬ್ಬರು ಎತ್ತಿದರು. "ಪಟ್ಟಣದ ಹುಡುಗರು ಮಾಡಿದರೆ ಹವ್ಯಾಸ, ಹಳ್ಳಿ ಹುಡುಗರು ಮಾಡಿದರೆ ತಪ್ಪಾ?" ಅಂತ. ನ್ಯಾಯವಾದ ಮಾತು. ಬಯೋಸ್ ಒಳಗೆ ಹೋಗಿ ನೋಡುವ ಧೈರ್ಯ ಇರುವ ಹುಡುಗ ನಾಳೆ ನಾಲ್ಕು ಊರಿನ ಕಂಪ್ಯೂಟರ್ ರಿಪೇರಿ ಮಾಡಬಲ್ಲ. ಚಳ್ಳಕೆರೆ ಪಕ್ಕದ ಕುದಾಪುರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ, ಅಲ್ಲಿಗೆ ನಮ್ಮ ಮಕ್ಕಳೂ ಹೋಗಬೇಕು. ಕಲಿಯಬೇಡಿ ಅನ್ನುವುದಿಲ್ಲ. ಗುಜರಿಗೆ ಹಾಕುವ ಹಳೇ ಕಂಪ್ಯೂಟರ್ ಮೇಲೆ ಕಲಿಯಿರಿ, ಸುಟ್ಟರೂ ಚಿಂತೆ ಇಲ್ಲ. ಸಾಲದ ಕಂತು ಕಟ್ಟುವ ಕಂಪ್ಯೂಟರ್ ಮೇಲೆ ಬೇಡ.

ನಾವು ಹೇಳುವುದು ಇಷ್ಟು

ಈಗಿನ ಪ್ರೊಸೆಸರ್‌ಗಳು ಅಗತ್ಯ ಬಿದ್ದಾಗ ತಾವೇ ವೇಗ ಏರಿಸಿಕೊಳ್ಳುತ್ತವೆ. ಅದನ್ನು ಟರ್ಬೋ, ಬೂಸ್ಟ್ ಅನ್ನುತ್ತಾರೆ. ಚಿಪ್ಪು ತಣ್ಣಗಿದ್ದಷ್ಟೂ ಆ ವೇಗ ಹೆಚ್ಚು ಹೊತ್ತು ನಿಲ್ಲುತ್ತದೆ. ಹಾಗಾಗಿ ನಮ್ಮ ಕಡೆ ಡಬ್ಬ ಚೊಕ್ಕಟ ಮಾಡುವುದೇ ದೊಡ್ಡ ಓವರ್‌ಕ್ಲಾಕ್.

ತಿಂಗಳಿಗೊಮ್ಮೆ ಪ್ಲಗ್ ತೆಗೆದು, ಹೊರಗೆ ಇಟ್ಟು, ಬ್ಲೋವರ್‌ನಿಂದ ಧೂಳು ಊದಿ. ಊದುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿಯಿರಿ. ಬಾಯಿಂದ ಊದಬೇಡಿ, ಎಂಜಲು ಬೀಳುತ್ತದೆ. ಡಬ್ಬವನ್ನು ಗೋಡೆಗೆ ಒತ್ತಿ ಇಡಬೇಡಿ, ನೆಲದಿಂದ ಒಂದಡಿ ಮೇಲಿಡಿ, ಪಕ್ಕದ ಬಾಗಿಲು ಮುಚ್ಚಿ. ದೊಡ್ಡ ಎಕ್ಸ್‌ಪೋರ್ಟನ್ನು ರಾತ್ರಿ ಅಥವಾ ಬೆಳಗಿನ ಜಾವಕ್ಕೆ ಹಾಕಿ. 38 ಡಿಗ್ರಿಯ ಕೋಣೆ ಆಗ 27ಕ್ಕೆ ಇಳಿದಿದ್ದರೆ ಚಿಪ್ಪಿಗೆ ಹನ್ನೊಂದು ಡಿಗ್ರಿ ಪುಕ್ಕಟೆ ಸಿಕ್ಕಿತು. ಶೀಟಿನ ಮೇಲೆ ಸುಣ್ಣ ಬಳಿದರೆ, ತೆಂಗಿನ ಗರಿ ಹಾಸಿದರೆ ನಿಮಗೂ ತಂಪು, ಕಂಪ್ಯೂಟರಿಗೂ ತಂಪು.

ಕೈಯಲ್ಲಿ ದುಡ್ಡಿದ್ದರೆ ಕೂಲರಿಗೆ ಸುರಿಯಬೇಡಿ. ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿ, ರ್‍ಯಾಮ್ ಕಡಿಮೆ ಇದ್ದರೆ 16 ಜಿಬಿಗೆ ಏರಿಸಿ. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಹಾರ್ಡ್‌ವೇರ್ ಎನ್‌ಕೋಡಿಂಗ್ ಆಯ್ಕೆ ಇದ್ದರೆ ಅದನ್ನು ಆನ್ ಮಾಡಿ. ಶೇ 16ರ ವೇಗಕ್ಕಿಂತ ಇವುಗಳಿಂದ ಸಿಗುವ ಉಪಕಾರ ದೊಡ್ಡದು. ರೈಜನ್ ಇದ್ದವರು ಬಯೋಸ್‌ನಲ್ಲಿ ಇಕೋ ಮೋಡ್ ಇದೆಯೇ ನೋಡಿ. ವೇಗ ಸ್ವಲ್ಪವೇ ಇಳಿಯುತ್ತದೆ, ಬಿಸಿ ಬಹಳ ಇಳಿಯುತ್ತದೆ. ಮೇಲಿನ ಲೆಕ್ಕವನ್ನೇ ತಿರುಗಿಸಿದರೆ ಯಾಕೆಂದು ತಿಳಿಯುತ್ತದೆ.

ಕನ್ನಡದಲ್ಲಿ ಕಂಪ್ಯೂಟರ್ ವಿಡಿಯೋ ಮಾಡುವ ಗೆಳೆಯರಿಗೂ ಒಂದು ಮಾತು. ನಿಮ್ಮನ್ನು ನಂಬಿ ಹಳ್ಳಿಯ ಹುಡುಗರು ಬಯೋಸ್ ಒಳಗೆ ಹೋಗುತ್ತಾರೆ. ಎಷ್ಟು ಗಿಗಾಹರ್ಟ್ಸ್ ಬಂತು ಎಂದು ತೋರಿಸುವಾಗ ಕೋಣೆ ಎಷ್ಟು ಡಿಗ್ರಿ ಇತ್ತು, ಕೂಲರಿಗೆ ಎಷ್ಟು ಕೊಟ್ಟಿರಿ, ವಾರಂಟಿ ಏನಾಯಿತು ಎಂಬುದನ್ನೂ ಹೇಳಿ. ಮಾರುವ ಅಂಗಡಿಯವರೂ ಅಷ್ಟೇ, "ಯಾವ ಊರಪ್ಪಾ, ಶೀಟಿನ ಮನೆಯಾ?" ಅಂತ ಒಂದು ಮಾತು ಕೇಳಿ ಮಾರಿ.

ಮೊನ್ನೆ ಮತ್ತೆ ಗೆಳೆಯನ ಸ್ಟುಡಿಯೋಗೆ ಹೋಗಿದ್ದೆವು. ಸೆಟ್ಟಿಂಗ್ ಎಲ್ಲ ಕಂಪನಿ ಕೊಟ್ಟ ಹಾಗೆ ವಾಪಸ್ ಹಾಕಿದ್ದಾನೆ. ಡಬ್ಬದ ಬಾಗಿಲು ಮುಚ್ಚಿದೆ. ಪ್ರತಿ ಮದುವೆಗೂ ಎರಡು ಪ್ರತಿ ತೆಗೆದಿಡುತ್ತಾನೆ. ಎಕ್ಸ್‌ಪೋರ್ಟ್ ರಾತ್ರಿ ಊಟ ಆದ ಮೇಲೆ ಹಾಕಿ ಮಲಗುತ್ತಾನಂತೆ.

ಟೇಬಲ್ ಫ್ಯಾನ್ ಈಗ ಅವನ ಕಡೆ ತಿರುಗಿದೆ.